ಬೆಳಗಿನ ಲೋಡು, ನಡುದಾರಿಯಲ್ಲಿ ನಿಂತ ಗಾಡಿ: ಥ್ರಾಟಲ್ ಬಾಡಿ ಮನೆಯಲ್ಲೇ ಸ್ವಚ್ಛ ಮಾಡೋದು ಹೇಗೆ?

ಕೊತ್ತಂಬರಿ ಸೊಪ್ಪಿಗೆ ಕಾಯುವ ಗುಣ ಇಲ್ಲ. ಸಂಜೆ ಕಿತ್ತು, ಕಟ್ಟು ಕಟ್ಟಿ, ಒದ್ದೆ ಗೋಣಿತಟ್ಟು ಹೊದಿಸಿ, ಬೆಳಿಗ್ಗೆ ಐದಕ್ಕೆ ಭೀಮರಾಯನಗುಡಿಯಿಂದ ಹೊಂಟರೆ ಶಹಾಪುರ ಮಾರ್ಕೆಟ್‌ನಲ್ಲಿ ಅದಕ್ಕೆ ರೇಟು. ಎಂಟು ಗಂಟೆ ದಾಟಿತೋ, ಅದೇ ಸೊಪ್ಪು ದನದ ಮುಂದೆ. ನಾಲ್ಕು ವರ್ಷದ ಹಿಂದೆ ಒಂದು ಮಾರ್ಚ್ ತಿಂಗಳ ಬೆಳಿಗ್ಗೆ ನನ್ನ ಹಳೇ ಪೆಟ್ರೋಲ್ ವ್ಯಾನು ಕಾಲುವೆ ಸೇತುವೆ ಹತ್ತಿರದ ಹಂಪ್‌ನಲ್ಲಿ ಬಂದ್ ಬಿತ್ತು. ಸ್ಲೋ ಮಾಡಿ ಕ್ಲಚ್ ಒತ್ತಿದ್ದೆ, ಅಷ್ಟೇ. ಮತ್ತೆ ಕೀಲಿ ತಿರುವಿದರೆ ಚಾಲೂ ಆಗುತ್ತದೆ, ಕಾಲು ತೆಗೆದರೆ ಮತ್ತೆ ಬಂದ್. ಆಕ್ಸಿಲೇಟರ್ ಮೇಲೆ ಕಾಲು ಇಟ್ಟುಕೊಂಡೇ ಹೆಂಗೋ ಮಾರ್ಕೆಟ್ ಮುಟ್ಟಿದೆ. ಅಷ್ಟೊತ್ತಿಗೆ ಹರಾಜು ಮುಗಿದು ಹೋಗಿತ್ತು.

ಗಾಡಿ ಒಯ್ದು ಒಂದು ವರ್ಕ್‌ಶಾಪ್‌ನಲ್ಲಿ ನಿಲ್ಲಿಸಿದೆ. ಸೀಟು ಎತ್ತಿ ಐದು ನಿಮಿಷ ನೋಡಿದರು. "ಥ್ರಾಟಲ್ ಬಾಡಿ ಹೋಗ್ಯದ, ಬದಲಿ ಮಾಡಬೇಕು, ಒಂಬತ್ತು ಸಾವಿರ ಆಗ್ತದ" ಅಂದರು. ಒಂದು ದಿನ ಟೈಮ್ ಕೊಡ್ರಿ ಅಂತ ಹೇಳಿ ಗಾಡಿ ವಾಪಸ್ ತಂದೆ. ನಮ್ಮ ಕ್ಯಾಂಪಿನಲ್ಲಿ ಬಹಳ ವರ್ಷ ಜೀಪು ಓಡಿಸಿದ ಹಿರಿಯ ಡ್ರೈವರ್ ಒಬ್ಬರಿದ್ದಾರೆ. ಅವರು ಬಂದು ಗಾಳಿ ಪೈಪು ಬಿಚ್ಚಿ, ಬೆರಳು ಒಳಗೆ ಹಾಕಿ ತೆಗೆದು ತೋರಿಸಿದರು. ಬೆರಳ ತುದಿ ಕಾಡಿಗೆ ಹಚ್ಚಿದ ಹಾಗೆ ಕಪ್ಪಾಗಿತ್ತು. "ಇದು ಹೋಗಿಲ್ಲ ತಮ್ಮಾ, ಹೊಲಸಾಗ್ಯದ" ಅಂದರು. ಒಂದು ಸ್ಪ್ರೇ ಡಬ್ಬಿ, ಒಂದು ಹಳೇ ಬನಿಯನ್ನು, ಒಂದು ಗಂಟೆ ಕೆಲಸ. ಗಾಡಿ ಸರಿಯಾಯಿತು. ಆ ವ್ಯಾನು ಮಾರುವ ತನಕ ಮತ್ತೆ ಆ ಕಾಟ ಕೊಡಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಈ ಲೇಖನ ಬರೆಯುವ ಅಗತ್ಯ ಇರಲಿಲ್ಲ, ಯೂಟ್ಯೂಬ್‌ನಲ್ಲಿ ಇಂಥ ವಿಡಿಯೋ ಬೇಕಾದಷ್ಟು ಇವೆ. ಎರಡನೇ ಗಾಡಿಯಲ್ಲಿ ಇದೇ ಕೆಲಸ ಮಾಡಲು ಹೋಗಿ ನಾನೇ ಥ್ರಾಟಲ್ ಬಾಡಿ ಕೆಡಿಸಿ, ಕೈಯಿಂದ ದುಡ್ಡು ಕೊಟ್ಟು ಹೊಸದು ಹಾಕಿಸಿದೆ. ಅದನ್ನೂ ಹೇಳುತ್ತೇನೆ. ಮೊದಲು ಇದು ಏನು ಅಂತ ತಿಳಿದುಕೊಳ್ಳೋಣ.

ಕಾಲುವೆ ಗೇಟ್ ಇದ್ದ ಹಾಗೆ

ಪೆಟ್ರೋಲ್ ಗಾಡಿಯಲ್ಲಿ ಆಕ್ಸಿಲೇಟರ್ ಒತ್ತಿದಾಗ ನಾವು ಪೆಟ್ರೋಲ್ ಕೊಡುತ್ತೇವೆ ಅಂತ ಎಲ್ಲರೂ ತಿಳಿದಿದ್ದಾರೆ. ಖರೆ ಹೇಳಬೇಕೆಂದರೆ ನಾವು ಕೊಡುವುದು ಗಾಳಿ. ಎಷ್ಟು ಗಾಳಿ ಒಳಗೆ ಹೋಯಿತು ಅಂತ ಸೆನ್ಸರ್ ಅಳೆಯುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಇಂಜಿನ್ನಿನ ಕಂಪ್ಯೂಟರ್ ಇಂಜೆಕ್ಟರ್ ಮೂಲಕ ಬಿಡುತ್ತದೆ. ಲೆಕ್ಕ ಹೆಚ್ಚುಕಡಿಮೆ ಇಷ್ಟು: ತೂಕದಲ್ಲಿ 1 ಪಾಲು ಪೆಟ್ರೋಲ್ ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕು. ಈ ಗಾಳಿಯ ದಾರಿಯಲ್ಲಿ ಕೂತಿರುವ ಅಲ್ಯೂಮಿನಿಯಂ ಕೊಳವೆಯೇ ಥ್ರಾಟಲ್ ಬಾಡಿ. ಅದರ ನಡುವೆ ರೂಪಾಯಿ ಬಿಲ್ಲೆಯಂಥ ದುಂಡು ತಟ್ಟೆ, ಅಡ್ಡ ಕಡ್ಡಿಯ ಮೇಲೆ ತಿರುಗುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಬಟರ್‌ಫ್ಲೈ ಅನ್ನುತ್ತಾರೆ.

ತೋಟಗಾರಿಕೆ ಓದಿದವನಾದ್ದರಿಂದ ನನಗೆ ಮೊದಲು ನೆನಪಾದದ್ದು ಎಲೆಯ ಪತ್ರರಂಧ್ರ. ಆದರೆ ನಮ್ಮ ಊರಿನವರಿಗೆ ಇನ್ನೂ ಸಲೀಸು ಹೋಲಿಕೆ ಕಣ್ಣೆದುರೇ ಇದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಶಾಖಾ ಕಾಲುವೆಗೆ, ಅಲ್ಲಿಂದ ಡಿಸ್ಟ್ರಿಬ್ಯೂಟರಿಗೆ, ಅಲ್ಲಿಂದ ನಮ್ಮ ಹೊಲಕ್ಕೆ ಬರುವ ದಾರಿಯಲ್ಲಿ ಗೇಟ್‌ಗಳಿವೆಯಲ್ಲ, ಬಟರ್‌ಫ್ಲೈ ಅಂಥದ್ದೊಂದು ಗೇಟು. ಗೇಟು ಪೂರ್ತಿ ಎತ್ತಿದಾಗ ತಳದಲ್ಲಿ ನಾಲ್ಕು ಬೆರಳು ಹೂಳಿದ್ದರೂ ಗೊತ್ತಾಗುವುದಿಲ್ಲ, ನೀರು ಧೋ ಅಂತ ಹೋಗುತ್ತದೆ. ಗೇಟು ಇಳಿಸಿ ಬರೀ ಸಂದಿಯಲ್ಲಿ ನೀರು ಬಿಟ್ಟಾಗ ಅದೇ ಹೂಳು ನೀರು ನಿಲ್ಲಿಸಿಬಿಡುತ್ತದೆ. ಇಂಜಿನ್ ಐಡಲ್‌ನಲ್ಲಿ ಇರುವಾಗ ಬಟರ್‌ಫ್ಲೈ ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ. ಕೂದಲೆಳೆಯಷ್ಟು ಸಂದಿ. ಕಪ್ಪು ಜಿಡ್ಡು ಕೂಡುವುದು ಸರಿಯಾಗಿ ಆ ಸಂದಿಯ ಅಂಚಿನಲ್ಲೇ. ಅದಕ್ಕೇ ಓಡುವಾಗ ಗಾಡಿ ಚೊಲೋ ಓಡುತ್ತದೆ, ನಿಲ್ಲಿಸಿದಾಗ ಸಾಯುತ್ತದೆ.

ಲಕ್ಷಣಗಳೂ ಇದರಿಂದಲೇ ತಿಳಿಯುತ್ತವೆ. ಬಿಸಿಯಾದ ಇಂಜಿನ್ ಸಾಮಾನ್ಯವಾಗಿ 700ರಿಂದ 900 ಆರ್‌ಪಿಎಂನಲ್ಲಿ ನಿಂತಿರಬೇಕು. ಅದು ಏರುತ್ತಾ ಇಳಿಯುತ್ತಾ ಇದ್ದರೆ, ಹಂಪ್‌ನಲ್ಲಿ ಕ್ಲಚ್ ಒತ್ತಿದ ಕೂಡಲೇ ಬಂದ್ ಬಿದ್ದರೆ, ಬೆಳಿಗ್ಗೆ ಆಕ್ಸಿಲೇಟರ್ ಸ್ವಲ್ಪ ಒತ್ತಿದರೆ ಮಾತ್ರ ಚಾಲೂ ಆದರೆ, ಎಸಿ ಹಾಕಿದಾಗ ಗಡಗಡ ನಡುಗಿದರೆ ಥ್ರಾಟಲ್ ಬಾಡಿ ಮೇಲೆ ಅನುಮಾನ ಪಡಬಹುದು. ಏರಿನಲ್ಲಿ ಲೋಡು ಎಳೆಯುವುದಿಲ್ಲ, ಸ್ಪೀಡಿನಲ್ಲಿ ಜಗ್ಗುತ್ತದೆ ಅನ್ನುವ ತಕರಾರಿದ್ದರೆ ಕಾರಣ ಬೇರೆ ಕಡೆ ಹುಡುಕಿ: ಪ್ಲಗ್, ಕಾಯಿಲ್, ಪೆಟ್ರೋಲ್ ಪಂಪ್, ಫಿಲ್ಟರ್. ಥ್ರಾಟಲ್ ಸ್ವಚ್ಛ ಮಾಡಿದರೆ ಮೈಲೇಜು ಐದು ಕಿಲೋಮೀಟರ್ ಜಾಸ್ತಿ ಆಗುತ್ತದೆ ಅನ್ನುವ ವಿಡಿಯೋ ನಂಬಬ್ಯಾಡ್ರಿ.

ಹೊಲಸು ಎಲ್ಲಿಂದ ಬರುತ್ತದೆ?

ನಮ್ಮ ಕಡೆ ಎಲ್ಲದಕ್ಕೂ ಧೂಳನ್ನೇ ಬೈಯುತ್ತೇವೆ. ಭತ್ತ ಕೊಯ್ಯುವ ಮಷಿನ್ ಓಡಾಡುವಾಗ, ಹತ್ತಿ ಬಿಡಿಸುವ ಹೊತ್ತಿನಲ್ಲಿ, ಬೇಸಿಗೆಯಲ್ಲಿ ಎರೆಮಣ್ಣಿನ ದಾರಿ ಹುಡಿ ಎದ್ದಾಗ ಧೂಳು ಇರೋದು ಖರೆ. ಆದರೆ ಥ್ರಾಟಲ್ ಬಾಡಿಯ ಕಪ್ಪು ಮುಖ್ಯವಾಗಿ ಹೊರಗಿನದಲ್ಲ, ಇಂಜಿನ್ನಿನ ಒಳಗಿನದು. ಪಿಸ್ಟನ್ ಪಕ್ಕದಿಂದ ಸ್ವಲ್ಪ ಸುಟ್ಟ ಗಾಳಿ ಕೆಳಗೆ ಎಣ್ಣೆ ತೊಟ್ಟಿಗೆ ಸೋರುತ್ತದೆ. ಅದನ್ನು ಹೊರಗೆ ಬಿಟ್ಟರೆ ವಾಯುಮಾಲಿನ್ಯ ಅಂತ ಒಂದು ಪೈಪಿನಿಂದ ಮತ್ತೆ ಗಾಳಿ ದಾರಿಗೇ ತಿರುಗಿಸಿರುತ್ತಾರೆ. ಆ ಹಬೆಯಲ್ಲಿ ಇಂಜಿನ್ ಆಯಿಲ್ ಇರುತ್ತದೆ. ಆಯಿಲ್ ಹಬೆ ತಟ್ಟೆಯ ಅಂಚಿಗೆ ಅಂಟುತ್ತದೆ, ಫಿಲ್ಟರ್ ದಾಟಿ ಬಂದ ನುಣ್ಣನೆ ಧೂಳು ಅದರ ಮೇಲೆ ಕೂಡುತ್ತದೆ, ಬಿಸಿಗೆ ಒಣಗಿ ಪದರ ಕಟ್ಟುತ್ತದೆ.

ಹೊಲಕ್ಕೂ ಮನೆಗೂ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಗೆ ಇದು ಬೇಗ ಆಗುತ್ತದೆ, ಇಂಜಿನ್ ಪೂರ್ತಿ ಬಿಸಿಯೇ ಆಗಿರುವುದಿಲ್ಲ. ಆಯಿಲ್ ಗೇಜಿನ ಮೇಲಿನ ಗೆರೆ ದಾಟಿ ಹಾಕಿಸಿದರೂ ಇದೇ ಕಥೆ. "ಅರ್ಧ ಲೀಟರ್ ಜಾಸ್ತಿ ಇರಲಿ ಬಿಡ್ರಿ" ಅನ್ನುವುದು ಗಾಡಿಗೆ ಉಪಕಾರ ಅಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಫಿಲ್ಟರ್ ಮತ್ತು ಥ್ರಾಟಲ್ ನಡುವಿನ ಪೈಪಿನಲ್ಲಿ ಎಳೆತ ಹೆಚ್ಚಾಗಿ, ಆ ಪೈಪಿಗೆ ಸೇರಿಸಿದ ನಳಿಕೆಯಿಂದ ಆಯಿಲ್ ಹಬೆಯೂ ಜಾಸ್ತಿ ಬರುತ್ತದೆ.

ಅದಕ್ಕೇ, ಡ್ರಿಪ್ ಕಟ್ಟಿಕೊಂಡಾಗ ಲ್ಯಾಟರಲ್‌ಗೆ ಆಸಿಡ್ ಬಿಡುವ ಮೊದಲು ಫಿಲ್ಟರ್ ನೋಡುತ್ತೇವಲ್ಲ, ಇಲ್ಲೂ ಹಂಗೇ. ಮೊದಲು ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದು ನೋಡಿ. ಬೆಳಕು ದಾಟದಿದ್ದರೆ ಬದಲಿ ಮಾಡಿ. ಕಾಗದದ ಫಿಲ್ಟರನ್ನು ನೀರಲ್ಲಿ ತೊಳೆಯಬೇಡಿ. ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, ದೂರದಿಂದ, ಕಡಿಮೆ ಒತ್ತಡದಲ್ಲಿ. ಪಂಕ್ಚರ್ ಅಂಗಡಿಯ ಪೈಪನ್ನು ಹತ್ತಿರ ಹಿಡಿದು ಹೊಡೆದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ, ಆಮೇಲೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ.

ಕೈ ಹಾಕುವ ಮುನ್ನ: ಕೇಬಲ್ಲೋ, ಎಲೆಕ್ಟ್ರಾನಿಕ್ಕೋ?

ಇದೊಂದು ಪ್ರಶ್ನೆ ಕೇಳದೇ ಇದ್ದದ್ದಕ್ಕೆ ನಾನು ದಂಡ ಕಟ್ಟಿದೆ. ಹಳೇ ಗಾಡಿಗಳಲ್ಲಿ ಆಕ್ಸಿಲೇಟರ್ ಪೆಡಲ್‌ನಿಂದ ಉಕ್ಕಿನ ಕೇಬಲ್ ಬಂದು ಬಟರ್‌ಫ್ಲೈ ಎಳೆಯುತ್ತದೆ. ಅಂಥ ಕಡೆ ಐಡಲ್ ಗಾಳಿಗೆ ಪಕ್ಕದಲ್ಲಿ ಬೇರೆ ಸಣ್ಣ ದಾರಿ, ಅದನ್ನು ಹೆಚ್ಚುಕಡಿಮೆ ಮಾಡಲು ಒಂದು ಸಣ್ಣ ವಾಲ್ವ್ ಇರುತ್ತದೆ. ಈಗಿನ ಬಹಳಷ್ಟು ಕಾರು, ವ್ಯಾನುಗಳಲ್ಲಿ ಕೇಬಲ್ಲೇ ಇಲ್ಲ. ಪೆಡಲ್ ಬರೀ ಸೆನ್ಸರ್, ತಟ್ಟೆ ತಿರುಗಿಸುವುದು ಥ್ರಾಟಲ್ ಬಾಡಿಯೊಳಗಿನ ಸಣ್ಣ ಮೋಟರ್. ಒಳಗೆ ಗೇರುಗಳು, ತಟ್ಟೆ ಎಷ್ಟು ತೆರೆದಿದೆ ಅಂತ ಅಳೆಯುವ ಎರಡು ಸೆನ್ಸರ್‌ಗಳು. ಗುರುತಿಸುವುದು ಸಲೀಸು: ಕೇಬಲ್ ಬಂದು ಸೇರಿದ್ದರೆ ಕೇಬಲ್ಲಿನದು, ಬರೀ ದಪ್ಪ ಪ್ಲಗ್ ಇದ್ದರೆ ಎಲೆಕ್ಟ್ರಾನಿಕ್.

ನನ್ನ ಎರಡನೇ ಗಾಡಿ ಎಲೆಕ್ಟ್ರಾನಿಕ್. ಒಮ್ಮೆ ಗೆದ್ದವನಿಗೆ ಸೊಕ್ಕು ಇರುತ್ತದೆ ನೋಡ್ರಿ. ಐಡಲ್ ಸ್ವಲ್ಪ ಇಳಿದಿತ್ತು, ಬಂದ್ ಬೀಳುವ ಮಟ್ಟಕ್ಕೆ ಏನೂ ಆಗಿರಲಿಲ್ಲ. ಬಿಚ್ಚಿದೆ. ಕೊಳವೆಯ ಒಳಗೆ ತಟ್ಟೆಯ ಸುತ್ತ ಬೂದುಗಪ್ಪು ಉಂಗುರದಂಥ ಪಟ್ಟಿ ಕಂಡಿತು. ಒರೆಸಿದರೆ ಹೋಗಲಿಲ್ಲ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ತಂದು ತಿಕ್ಕಿದೆ, ಅಲ್ಯೂಮಿನಿಯಂ ಫಳಫಳ ಹೊಳೆಯುವ ತನಕ. ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿದೆ.

ಅದು ಹೊಲಸಾಗಿರಲಿಲ್ಲ. ತಟ್ಟೆ ಮುಚ್ಚಿದಾಗ ಸಂದಿ ಬಿಗಿಯಾಗಿರಲಿ ಅಂತ ಕೆಲವು ಥ್ರಾಟಲ್ ಬಾಡಿಗಳಿಗೆ ಫ್ಯಾಕ್ಟರಿಯಲ್ಲೇ ಹಚ್ಚುವ ಲೇಪನ ಅದು. ಕೆಲವು ಕಂಪನಿಗಳು ಈ ಕಾರಣಕ್ಕೇ ಸ್ವಚ್ಛ ಮಾಡಬೇಡಿ ಅಂತ ಮೈಮೇಲೆ ಚೀಟಿಯನ್ನೇ ಅಂಟಿಸಿರುತ್ತವೆ. ಲೇಪನ ಹೋದ ಮೇಲೆ ಗಾಳಿ ಬೇಕಾದ್ದಕ್ಕಿಂತ ಹೆಚ್ಚು ನುಗ್ಗಿತು, ಐಡಲ್ 1,600ಕ್ಕೆ ಏರಿ ಕೂತಿತು, ಇಂಜಿನ್ ಲೈಟ್ ಹತ್ತಿತು. ಎರಡು ವಾರ ಏನೇನೋ ಮಾಡಿದೆ. ಕೊನೆಗೆ ಹೊಸ ಥ್ರಾಟಲ್ ಬಾಡಿ. ಮೊದಲ ಸಲ ಉಳಿಸಿದ ದುಡ್ಡು ಬಡ್ಡಿ ಸಮೇತ ಹೋಯಿತು. ಆ ಎರಡು ವಾರ ಬಾಡಿಗೆ ಗಾಡಿಯಲ್ಲಿ ಮೆಣಸಿನಕಾಯಿ, ಟೊಮ್ಯಾಟೊ ಸಾಗಿಸಿದ ಲೆಕ್ಕ ಬೇರೆ.

ಹಾಗಾಗಿ ಈ ಕೆಲಸಕ್ಕೆ ನಾನು ಬಳಸುವ ಕ್ರಿಯಾಪದ ಈಗ ಒಂದೇ: ಒರೆಸುವುದು. ತಿಕ್ಕುವುದಲ್ಲ, ಕೆರೆಯುವುದಲ್ಲ. ಜಿಡ್ಡು ಬಟ್ಟೆಗೆ ಬರುತ್ತದೆ, ಲೇಪನ ಬರುವುದಿಲ್ಲ. ಬಾರದ್ದನ್ನು ಬಿಟ್ಟುಬಿಡಿ.

ಕೆಲಸ ಮಾಡುವ ಕ್ರಮ

ಬೇಕಾದ್ದು ಕಡಿಮೆ. ಥ್ರಾಟಲ್ ಬಾಡಿ ಕ್ಲೀನರ್ ಅಂತಲೇ ಬರೆದಿರುವ ಸ್ಪ್ರೇ ಡಬ್ಬಿ (ಹೆಚ್ಚುಕಡಿಮೆ ₹300–500), ನೂಲು ಬಿಡದ ಹಳೇ ಕಾಟನ್ ಬಟ್ಟೆ, ಮೆತ್ತನೆ ಹಲ್ಲುಜ್ಜುವ ಬ್ರಷ್, ಸ್ಕ್ರೂಡ್ರೈವರ್, 10ರ ಪಾನಾ, ಕೈಗವಸು, ಕಣ್ಣಿಗೆ ಕನ್ನಡಕ. ಔಷಧಿ ಹೊಡೆಯುವಾಗ ಹಾಕುವ ಕನ್ನಡಕ ಸಾಕು. ಕಾರ್ಬ್ಯುರೇಟರ್ ಕ್ಲೀನರ್ ಬೇರೆ, ಅದರಲ್ಲಿ ಕೆಲವು ಬಹಳ ಖಾರ, ಲೇಪನವನ್ನೂ ರಬ್ಬರ್ ಸೀಲನ್ನೂ ತಿನ್ನಬಹುದು. ಎರಡಕ್ಕೂ ಆಗುತ್ತದೆ ಅಂತ ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ತಗೊಳ್ಳಿ. ಸೀಮೆಎಣ್ಣೆ, ಡೀಸೆಲ್ ಜಿಡ್ಡು ಬಿಟ್ಟು ಹೋಗುತ್ತವೆ, ಆ ಜಿಡ್ಡಿಗೆ ಮತ್ತೆ ಧೂಳು ಅಂಟುತ್ತದೆ. ನಾನು ಸಾವಯವದವನು ಅಂತ ಒಬ್ಬ ಹುಡುಗ ಫೋನ್ ಮಾಡಿ ನಿಂಬೆರಸ ನಡೀತದೇನು ಅಂತ ಕೇಳಿದ್ದ. ಇಲ್ಲಪ್ಪಾ, ಹುಳಿ ಅಲ್ಯೂಮಿನಿಯಂ ತಿನ್ನುತ್ತದೆ. ಗಾಡಿಗೆ ಗಾಡಿಯ ಔಷಧಿ.

ಇಂಜಿನ್ ತಣ್ಣಗಿರಬೇಕು, ಜಾಗ ಬಯಲಾಗಿರಬೇಕು. ಈ ಸ್ಪ್ರೇ ಪೆಟ್ರೋಲಿನಷ್ಟೇ ಬೇಗ ಬೆಂಕಿ ಹಿಡಿಯುತ್ತದೆ. ಪಕ್ಕದ ಹೊಲದಲ್ಲಿ ಕೂಳೆ ಸುಡುತ್ತಿದ್ದರೆ ಆ ದಿನ ಬೇಡ. ಬೀಡಿ ಸೇದುವ ಮಾವನನ್ನು ದೂರ ಕೂಡಿಸಿ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ಇದು ಬೆಂಕಿಗಾಗಿ ಅಷ್ಟೇ ಅಲ್ಲ. ಎಲೆಕ್ಟ್ರಾನಿಕ್ ಥ್ರಾಟಲ್‌ನಲ್ಲಿ ಕೀಲಿ ಆನ್ ಇದ್ದರೆ ಮೋಟರ್ ತಟ್ಟೆಯನ್ನು ಒಮ್ಮೆಲೇ ಮುಚ್ಚಬಹುದು, ಬೆರಳು ನಡುವೆ ಸಿಕ್ಕರೆ ಗಾಯ. ಇನ್ನೊಬ್ಬರನ್ನು ಸೀಟಿನಲ್ಲಿ ಕೂಡಿಸಿ, ಕೀಲಿ ಆನ್ ಮಾಡಿಸಿ, ಪೆಡಲ್ ಒತ್ತಿಸಿಕೊಂಡು ಸ್ವಚ್ಛ ಮಾಡುವ ವಿಡಿಯೋಗಳಿವೆ. ಅದನ್ನು ಮಾಡಬೇಡಿ.

ಓಮ್ನಿ, ಈಕೋದಂಥ ವ್ಯಾನುಗಳಲ್ಲಿ ಮುಂದಿನ ಸೀಟು ಎತ್ತಿದರೆ ಇಂಜಿನ್ ಸಿಗುತ್ತದೆ, ಕಾರುಗಳಲ್ಲಿ ಬಾನೆಟ್ ಕೆಳಗೆ. ಏರ್ ಫಿಲ್ಟರ್ ಡಬ್ಬಿಯಿಂದ ಹೊರಟ ದಪ್ಪ ಪೈಪನ್ನು ಹಿಂಬಾಲಿಸಿ, ಅದು ಇಂಜಿನ್ ಕಡೆ ಸೇರುವ ತುದಿಯಲ್ಲಿ ಥ್ರಾಟಲ್ ಬಾಡಿ. ಏನನ್ನೂ ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಯಾವ ನಳಿಕೆ ಎಲ್ಲಿತ್ತು ಅಂತ ಅರ್ಧ ಗಂಟೆ ಆದಮೇಲೆ ಯಾರಿಗೂ ನೆನಪಿರುವುದಿಲ್ಲ. ಕ್ಲಿಪ್ಪು ಸಡಿಲಿಸಿ ಪೈಪು ತೆಗೆಯಿರಿ. ಪೈಪಿನಲ್ಲಿ ಸೆನ್ಸರ್ ಇದ್ದರೆ ಅದರ ಮೇಲೆ ಈ ಸ್ಪ್ರೇ ಬೀಳಬಾರದು.

ಈಗ ತಟ್ಟೆ ಕಾಣುತ್ತದೆ. ಸ್ಪ್ರೇಯನ್ನು ಕೊಳವೆಯೊಳಗೆ ಹೊಡೆಯಬೇಡಿ, ಬಟ್ಟೆಗೆ ಹೊಡೆಯಿರಿ. ಒಳಗೆ ಸುರಿದರೆ ಕರಗಿದ ಕಪ್ಪು ನೀರು ಇಂಜಿನ್ನಿಗೆ ಇಳಿಯುತ್ತದೆ, ಜಾಸ್ತಿ ಇಳಿದರೆ ಚಾಲೂ ಮಾಡಿದಾಗ ಅಪಾಯ. ಒದ್ದೆ ಬಟ್ಟೆಯಿಂದ ತಟ್ಟೆಯ ಮುಂಭಾಗ, ಆಮೇಲೆ ಕೊಳವೆಯ ಗೋಡೆ, ಆಮೇಲೆ ಅಂಚು. ಕೇಬಲ್ಲಿನದಾದರೆ ಕೈಯಿಂದ ಲಿವರ್ ತಿರುವಿ ತಟ್ಟೆ ತೆರೆದು ಹಿಂಭಾಗವನ್ನೂ ಒರೆಸಬಹುದು. ಎಲೆಕ್ಟ್ರಾನಿಕ್ಕಿನದಾದರೆ ತಟ್ಟೆಯನ್ನು ಜೋರಾಗಿ ಒತ್ತಬೇಡಿ, ಒಳಗಿನ ಗೇರು ಹಲ್ಲು ಮುರಿದರೆ ಕಥೆ ಮುಗಿಯಿತು. ಮುಂಭಾಗ ಮತ್ತು ಮುಟ್ಟಲು ಸಿಗುವ ಅಂಚು ಒರೆಸಿದರೆ ಬಹಳ ಸಲ ಅಷ್ಟೇ ಸಾಕಾಗುತ್ತದೆ. ಅಡ್ಡ ಕಡ್ಡಿಯ ಎರಡು ತುದಿಗೆ, ಪ್ಲಗ್ಗಿಗೆ ಸ್ಪ್ರೇ ತಾಗಬಾರದು, ಅಲ್ಲಿಂದ ಒಳಗಿನ ಸೆನ್ಸರ್‌ಗೆ ದಾರಿ. ಮೂಲೆಯ ಗಟ್ಟಿ ಜಿಡ್ಡಿಗೆ ಬ್ರಷ್ಷನ್ನು ಒದ್ದೆ ಮಾಡಿ ಒತ್ತಿ ಹಿಡಿದು ಅರ್ಧ ನಿಮಿಷ ನೆನೆಸಿ, ಮತ್ತೆ ಒರೆಸಿ. ಕೇಬಲ್ ಥ್ರಾಟಲ್‌ನಲ್ಲಿ ಲಿವರಿಗೆ ತಾಗುವ ಒಂದು ಸಣ್ಣ ಸ್ಕ್ರೂ ಕಾಣುತ್ತದೆ, ಐಡಲ್ ಏರಿಸಬಹುದು ಅನ್ನಿಸುತ್ತದೆ. ಅದು ಫ್ಯಾಕ್ಟರಿಯಲ್ಲಿ ಹೊಂದಿಸಿ ಇಟ್ಟದ್ದು, ಮುಟ್ಟಬ್ಯಾಡ್ರಿ. 1983ರಲ್ಲಿ ಬಂದ ಮಾರುತಿ 800ರ ಕಾರ್ಬ್ಯುರೇಟರ್ ಕಾಲದ ಚಾಳಿ ಅದು, ಈಗ ನಡೆಯುವುದಿಲ್ಲ.

ಬಹಳ ದಪ್ಪ ಪದರ ಇದ್ದರೆ ನಾಲ್ಕು ಬೋಲ್ಟ್ ಬಿಚ್ಚಿ ಥ್ರಾಟಲ್ ಬಾಡಿಯನ್ನೇ ಹೊರಗೆ ತೆಗೆಯುವುದು ಒಳ್ಳೆಯದು ಅನ್ನುತ್ತಾರೆ. ಒಪ್ಪುತ್ತೇನೆ, ಆದರೆ ಮೊದಲ ಸಲ ಮಾಡುವವರಿಗೆ ಬೇಡ. ಕೆಲವದಕ್ಕೆ ಕೂಲೆಂಟ್ ನೀರಿನ ನಳಿಕೆ ಸೇರಿರುತ್ತದೆ, ಹಿಂದೆ ಗ್ಯಾಸ್ಕೆಟ್ ಇರುತ್ತದೆ, ಹೊಸ ಗ್ಯಾಸ್ಕೆಟ್ ಇಲ್ಲದೆ ಕೂಡಿಸಿದರೆ ಗಾಳಿ ಸೋರುತ್ತದೆ. ಪ್ಲಾಸ್ಟಿಕ್ ಮ್ಯಾನಿಫೋಲ್ಡಿಗೆ ಬೋಲ್ಟ್ ಜೋರಾಗಿ ಬಿಗಿದರೆ ಹಿಡಿಕೆಯೇ ಕಿತ್ತು ಬರುತ್ತದೆ.

ಎಲ್ಲಾ ಒಣಗಲು ಹತ್ತು ಹದಿನೈದು ನಿಮಿಷ ಬಿಡಿ. ಪೈಪು ಕೂಡಿಸಿ, ಕ್ಲಿಪ್ಪು ಬಿಗಿ ಮಾಡಿ, ಬ್ಯಾಟರಿ ತಂತಿ ಹಾಕಿ.

ಚಾಲೂ ಮಾಡಿದ ಮೇಲೆ ಗಾಬರಿ ಬೇಡ

ಮೊದಲ ಸಲ ಚಾಲೂ ಮಾಡಿದಾಗ ಸ್ವಲ್ಪ ತಡವರಿಸಬಹುದು, ಹೊಗೆ ಬರಬಹುದು. ಐಡಲ್ ಮೊದಲಿಗಿಂತ ಏರಿರಬಹುದು. ಕಾರಣ ಸರಳ: ಹೂಳು ತುಂಬಿದ ಗೇಟಿಗೆ ಒಗ್ಗಿಕೊಂಡಿದ್ದ ಕಂಪ್ಯೂಟರ್ ಇಷ್ಟು ದಿನ ಸ್ವಲ್ಪ ಜಾಸ್ತಿ ತೆರೆದು ಇಡುತ್ತಿತ್ತು. ಈಗ ಹೂಳು ಇಲ್ಲ, ಅದು ಮತ್ತೆ ಕಲಿಯಬೇಕು. ಬ್ಯಾಟರಿ ತಂತಿ ಬಿಚ್ಚಿದ್ದರಿಂದ ಬಹಳ ಗಾಡಿಗಳಲ್ಲಿ ಹಳೇ ಲೆಕ್ಕ ಅಳಿಸಿ ಹೋಗಿರುತ್ತದೆ. ನನ್ನ ಹಳೇ ವ್ಯಾನಿನಲ್ಲಿ ಎಸಿ, ಲೈಟು ಎಲ್ಲಾ ಬಂದ್ ಮಾಡಿ, ಆಕ್ಸಿಲೇಟರ್ ಮುಟ್ಟದೆ ಹತ್ತು ನಿಮಿಷ ಓಡಲು ಬಿಟ್ಟಾಗ ತಾನೇ ಸರಿಯಾಯಿತು. ಎಲೆಕ್ಟ್ರಾನಿಕ್ ಗಾಡಿಗಳಲ್ಲಿ ಕಲಿಸುವ ಕ್ರಮ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಕೆಲವಕ್ಕೆ ಸ್ಕ್ಯಾನರ್ ಹಚ್ಚಿಯೇ ಕಲಿಸಬೇಕು. ಕೆಲಸ ಶುರು ಮಾಡುವ ಮೊದಲೇ ನಿಮ್ಮ ಗಾಡಿಗೆ ಇದು ಹೆಂಗೆ ಅಂತ ತಿಳಿದುಕೊಳ್ಳಿ. ಸ್ಕ್ಯಾನರ್ ಬೇಕೇ ಬೇಕು ಅಂತಾದರೆ ಕೆಲಸವನ್ನೂ ಸರ್ವಿಸ್ ಸೆಂಟರಿಗೇ ಬಿಡುವುದು ಲಾಭ.

ಐಡಲ್ ಏರಿದ್ದು ಇಳಿಯಲೇ ಇಲ್ಲ, ಸುಯ್ಯ್ ಅಂತ ಸಪ್ಪಳ ಬೇರೆ ಇದೆ ಅಂದರೆ ಕ್ಲಿಪ್ಪು ಸಡಿಲ ಅಥವಾ ಒಂದು ಸಣ್ಣ ನಳಿಕೆ ಹಾಕುವುದು ಮರೆತಿದ್ದೀರಿ. ಫೋಟೋ ತೆಗೆದದ್ದು ಈಗ ಉಪಯೋಗಕ್ಕೆ ಬರುತ್ತದೆ.

ಫೋನಿನ ಇನ್ನೊಂದು ಉಪಯೋಗವೂ ಇದೆ. ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಹಚ್ಚುವ ಬ್ಲೂಟೂತ್ ಓಬಿಡಿ ಡಾಂಗಲ್ ಆನ್‌ಲೈನಿನಲ್ಲಿ ಸಿಗುತ್ತದೆ, ನಾಲ್ಕು ಗೆಳೆಯರು ಸೇರಿ ಒಂದು ತಗೊಂಡರೂ ಸಾಕು. ಇಂಜಿನ್ ಲೈಟ್ ಹತ್ತಿದಾಗ ಕೋಡ್ ಓದಬಹುದು. ಪಿ0506 ಅಂದರೆ ಐಡಲ್ ಇರಬೇಕಾದ್ದಕ್ಕಿಂತ ಕಡಿಮೆ, ಹೊಲಸಿನ ಅನುಮಾನ. ಪಿ0507 ಅಂದರೆ ಹೆಚ್ಚು, ಎಲ್ಲೋ ಗಾಳಿ ಸೋರುತ್ತಿರಬಹುದು. ಪಿ0171 ಬಂದರೆ ಪೆಟ್ರೋಲಿಗಿಂತ ಗಾಳಿ ಜಾಸ್ತಿ ಆಗಿದೆ. ಪಿ2135 ಬಂದರೆ ಥ್ರಾಟಲ್‌ನ ಎರಡು ಸೆನ್ಸರ್‌ಗಳ ಲೆಕ್ಕ ಒಂದಕ್ಕೊಂದು ಕೂಡುತ್ತಿಲ್ಲ, ಇದು ಒರೆಸಿ ಸರಿ ಮಾಡುವ ರೋಗ ಅಲ್ಲ. ಕೋಡ್ ತೋರಿಸಿ ಮಾತಾಡಿದರೆ ವರ್ಕ್‌ಶಾಪ್‌ನಲ್ಲೂ ಮಾತಿನ ಧಾಟಿ ಬದಲಾಗುತ್ತದೆ, ಇದು ನನ್ನ ಅನುಭವ.

ಟ್ರ್ಯಾಕ್ಟರಿಗೆ ಏನು ಅಂತ ಕೇಳುವವರಿಗೆ: ನಮ್ಮ ಡೀಸೆಲ್ ಟ್ರ್ಯಾಕ್ಟರಿನಲ್ಲಿ ಥ್ರಾಟಲ್ ಅಂತ ನಾವು ಕರೆಯುವ ಕೈಹಿಡಿಕೆ ಗಾಳಿ ತಡೆಯುವುದಲ್ಲ, ಡೀಸೆಲ್ ಪಂಪಿನದು. ಅಲ್ಲಿ ಈ ಕೆಲಸವೇ ಇಲ್ಲ. ಬಿಎಸ್6 ಡೀಸೆಲ್ ಪಿಕಪ್‌ಗಳಲ್ಲಿ ಗಾಳಿ ದಾರಿಯಲ್ಲಿ ತಟ್ಟೆ ಇರುತ್ತದೆ, ಮಸಿಯೂ ವಿಪರೀತ ಇರುತ್ತದೆ, ಆದರೆ ಅದರ ಕೆಲಸ ಬೇರೆ, ಮನೆಯಲ್ಲಿ ಬಿಚ್ಚಬೇಡಿ. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲೆ ಬೈಕುಗಳಿಗೂ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂತು, ಅವಕ್ಕೂ ಪುಟ್ಟ ಥ್ರಾಟಲ್ ಬಾಡಿ ಇದೆ. ಸರ್ವಿಸ್ಸಿಗೆ ಬಿಟ್ಟಾಗ ಅದನ್ನೂ ನೋಡಲು ಹೇಳಿ.

ಕೊನೆಗೆ ಉಳಿಯುವುದು ಕಪ್ಪು ಬಟ್ಟೆ ಮತ್ತು ಖಾಲಿ ಡಬ್ಬಿ. ಆ ಬಟ್ಟೆಯನ್ನು ಕಾಲುವೆಯಲ್ಲಿ ಜಾಲಾಡಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೆಳಗಿನ ಊರಿನ ದನ ಕುಡಿಯುವ ನೀರು ಅದು. ಬಟ್ಟೆಯನ್ನು ಬಯಲಲ್ಲಿ ಹರವಿ ಪೂರ್ತಿ ಒಣಗಿಸಿ, ಮುಚ್ಚಳ ಇರುವ ಡಬ್ಬಿಯಲ್ಲಿಟ್ಟು, ಮುಂದಿನ ಸಲ ಆಯಿಲ್ ಬದಲಿಸಲು ಹೋದಾಗ ಅವರ ವೇಸ್ಟ್ ಆಯಿಲ್ ಜೊತೆ ಕೊಟ್ಟುಬಿಡಿ. ಸ್ಪ್ರೇ ಡಬ್ಬಿ ಖಾಲಿ ಅನ್ನಿಸಿದರೂ ಒಳಗೆ ಒತ್ತಡ ಇರುತ್ತದೆ, ಕಸದ ಜೊತೆ ಬೆಂಕಿಗೆ ಹಾಕಿದರೆ ಸಿಡಿಯುತ್ತದೆ. ನಾನು ಏರ್ ಫಿಲ್ಟರ್ ಡಬ್ಬಿಯ ಮೇಲೆ ಮಾರ್ಕರ್‌ನಿಂದ ಸ್ವಚ್ಛ ಮಾಡಿದ ತಾರೀಖು, ಕಿಲೋಮೀಟರ್ ಬರೆದಿಡುತ್ತೇನೆ. ಈಗಿನ ಗಾಡಿಯಲ್ಲಿ ಅಲ್ಲಿರುವುದು ಒಂದೇ ಸಾಲು. ಭತ್ತದ ಕೊಯ್ಲು ಮುಗಿದ ಮೇಲೆ ಪೈಪು ಬಿಚ್ಚಿ ಟಾರ್ಚ್ ಹಾಕಿ ನೋಡುತ್ತೇನೆ, ಗಾಡಿ ತಕರಾರು ಮಾಡದಿದ್ದರೆ ಹಂಗೇ ಮುಚ್ಚುತ್ತೇನೆ.